ಪುಟದಲ್ಲಿ ಒಬ್ಬ ಬ್ರದರೂ ಇರಲಿಲ್ಲ

ಸಂಪಾದಕರೇ,

ಮೇ 12ರಂದು ನಿಮ್ಮ ಪತ್ರಿಕೆಯಲ್ಲಿ ನರ್ಸ್‌ಗಳ ದಿನದ ವಿಶೇಷ ಪುಟ ನೋಡಿದೆ. ಒಟ್ಟು ಎಂಟು ಫೋಟೊ, ಎಂಟರಲ್ಲೂ ಹೆಂಗಸರೇ. ಒಬ್ಬರ ಕೈಯಲ್ಲಿ ದೀಪ ಬೇರೆ. ಪುಟ ಚೆನ್ನಾಗಿಯೇ ಇತ್ತು. ಅಂಥ ಅಕ್ಕಂದಿರೇ ನನಗೆ ಕೆಲಸ ಕಲಿಸಿದವರು, ಅವರ ಬಗ್ಗೆ ಎಷ್ಟು ಬರೆದರೂ ಕಡಿಮೆ. ಆದರೆ ನಾನೂ ನರ್ಸು. ಗಂಡಸು. ಈ ಕೆಲಸಕ್ಕೆ ಬಂದು ಹೆಚ್ಚುಕಡಿಮೆ ಇಪ್ಪತ್ತು ವರ್ಷವಾಯಿತು. ವಾರ್ಡಿನಲ್ಲಿ ನಮ್ಮನ್ನು ‘ಬ್ರದರ್’ ಅಂತ ಕರೆಯುತ್ತಾರೆ. ಪುಟದ ಮೂಲೆಯಲ್ಲಾದರೂ ಒಬ್ಬ ಬ್ರದರ್ ಇದ್ದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ.

ಇನ್ನೊಂದು ಕಾರಣವೂ ಇದೆ. ಅದೇ ವಾರ ಊರಿನಿಂದ ನಮ್ಮ ದೊಡ್ಡಪ್ಪನ ಮಗ ಫೋನ್ ಮಾಡಿದ್ದರು. “ನಮ್ಮ ಹುಡುಗ ಪಿಯುಸಿ ಪಾಸಾದ, ಈಗ ನರ್ಸಿಂಗ್ ಸೇರ್ತೀನಿ ಅಂತ ಹಟ ಹಿಡಿದಾನೆ. ನಿನ್ನ ಮಾತು ಅಂದ್ರೆ ಕೇಳ್ತಾನೆ. ಬೇಡ ಅಂತ ನೀನೇ ಒಂದು ಮಾತು ಹೇಳಪ್ಪ” ಅಂದರು. ನರ್ಸಿಂಗ್ ಬೇಡ ಅಂತ ಹೇಳಿಸೋಕೆ ಅವರಿಗೆ ನರ್ಸೇ ಸಿಕ್ಕಿದ್ದು ನೋಡಿ! ಯಾಕಣ್ಣ ಬೇಡ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಂಗೆ ಗೊತ್ತಲ್ಲಪ್ಪ, ನಾಲ್ಕು ಜನ ಏನಂತಾರೆ” ಅಂದರು.

ಗೊತ್ತು. ಚೆನ್ನಾಗಿಯೇ ಗೊತ್ತು.

2003ರಲ್ಲಿ ನಾನು ಜನರಲ್ ನರ್ಸಿಂಗ್ ಸೇರಿದಾಗ ನಮ್ಮ ಸೋದರಮಾವ ಮನೆ ಜಗಲಿ ಮೇಲೆ ಕೂತು, ಬೀದಿಗೆಲ್ಲ ಕೇಳುವ ಹಾಗೆ, “ಗಂಡಸಾಗಿ ಮಂದಿ ಉಚ್ಚೆ ಬಾಚೋಕೆ ಹೋಗ್ತೀಯೇನೋ” ಅಂದಿದ್ದರು. ಅಪ್ಪ ಏನೂ ಮಾತಾಡಲಿಲ್ಲ. ಎರಡು ಎಕರೆ ಮೆಕ್ಕೆಜೋಳ, ಅದೂ ಮಳೆ ನಂಬಿಕೊಂಡು. ಅವರಿಗೆ ಮಗ ಏನು ಓದಿದರೂ ಸರಿ, ಬೇಗ ಸಂಬಳ ತಂದರೆ ಸಾಕಿತ್ತು. ನಾನು ಧೈರ್ಯ ಮಾಡಿ ಸೇರಿದೆ ಅಂತ ಹೇಳಿಕೊಂಡರೆ ಸುಳ್ಳಾಗುತ್ತದೆ. ನರ್ಸಿಂಗ್ ಮುಗಿಸಿದವರು ಖಾಲಿ ಕೂರುವುದಿಲ್ಲ ಅಂತ ಕಾಲೇಜಿನ ಮೇಷ್ಟ್ರೊಬ್ಬರು ಹೇಳಿದ್ದರು, ಅಷ್ಟೇ. ನಮ್ಮ ಕ್ಲಾಸಿನಲ್ಲಿ ಮುಕ್ಕಾಲು ಪಾಲು ಕೇರಳದ ಹುಡುಗಿಯರು. ಗಂಡು ಹುಡುಗರು ನಾವು ನಾಲ್ಕೇ ಜನ.

ಅವ್ವ ಮಾತ್ರ ಊರವರಿಗೆ “ಮೆಡಿಕಲ್ ಓದ್ತಿದಾನೆ” ಅಂತ ಹೇಳಿಕೊಂಡು ಬಂದಿದ್ದಳು. ಸುಳ್ಳೂ ಅಲ್ಲ, ನಿಜವೂ ಅಲ್ಲ. ರಜೆಗೆ ಊರಿಗೆ ಹೋದರೆ ಮಂಡಿನೋವಿನವರು, ಸಕ್ಕರೆ ಕಾಯಿಲೆಯವರು ಬಂದು ಜಗಲಿ ಮೇಲೆ ಕೂರುತ್ತಿದ್ದರು. ಮೂರನೇ ವರ್ಷ ಇರಬೇಕು, ಒಂದು ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯ ಯಜಮಾನರು, “ಡಾಕ್ಟ್ರೇ, ಹೋಳಿಗೆ ತಿನ್ನಬಹುದಾ?” ಅಂತ ಕೇಳಿದರು. ಎದುರು ಸಾಲಿನಲ್ಲಿದ್ದ ಅವ್ವ ನನ್ನ ಕಡೆ ನೋಡಿದಳು. ನಾನು “ಡಾಕ್ಟರ್ ಅಲ್ಲ ಯಜಮಾನ್ರೇ, ನಾನು ನರ್ಸು” ಅಂದೆ. ಹೋಳಿಗೆ ಬಡಿಸುತ್ತಿದ್ದವನು ಅಲ್ಲೇ ನಿಂತ. ಯಾರೋ ಕಿಸಕ್ಕೆಂದರು. ಅವ್ವ ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ನನಗೋ, ಮೂರು ವರ್ಷದಿಂದ ಹೊತ್ತಿದ್ದ ಮೂಟೆ ಇಳಿಸಿದ ಹಾಗಾಗಿತ್ತು. ಧೈರ್ಯ ಅಂತ ಏನಾದರೂ ನಾನು ಮಾಡಿದ್ದರೆ ಅದು ಸೀಟು ತಗೊಂಡ ದಿನ ಅಲ್ಲ, ಅವತ್ತು, ಎಲೆ ಮುಂದೆ.

ಈ ಕೆಲಸ ನನ್ನದು ಅಂತ ಅನ್ನಿಸಿದ್ದು ಇನ್ನೂ ಸ್ವಲ್ಪ ತಡವಾಗಿ. ಗಂಡಸರ ವಾರ್ಡಿನಲ್ಲಿ ಒಬ್ಬ ಅಜ್ಜ ಇದ್ದರು, ರೈತರು. ಕಾಲು ಮುರಿದು ಮಲಗಿದ್ದರು. ಬೆಳಗ್ಗೆಯಿಂದ ಒಂದು ಹನಿ ನೀರು ಕುಡಿದಿರಲಿಲ್ಲ. ಸಿಸ್ಟರ್ ಎಷ್ಟು ಹೇಳಿದರೂ ಬಾಯಿ ಮುಚ್ಚಿಕೊಂಡು ಗೋಡೆ ಕಡೆ ತಿರುಗಿ ಬಿಡುತ್ತಿದ್ದರು. ನಾನು ಡ್ಯೂಟಿಗೆ ಬಂದವನು ಹತ್ತಿರ ಹೋದೆ. ಅವರು ಮೆಲ್ಲಗೆ, “ನೀನು ಡಾಕ್ಟ್ರಾ?” ಅಂದರು. ಅಲ್ಲ ಅಜ್ಜ, ಸಿಸ್ಟರ್ ಮಾಡೋ ಕೆಲಸನೇ ನಾನೂ ಮಾಡೋದು ಅಂದೆ. ಮುಖ ಅರಳಿತು. ನೀರು ಕುಡಿದರೆ ಒಂದಕ್ಕೆ ಹೋಗಬೇಕಾಗುತ್ತದೆ, ಮಗಳ ವಯಸ್ಸಿನ ಹುಡುಗಿ ಕೈಲಿ ಪಾತ್ರೆ ಹಿಡಿಸೋದು ಹೇಗೆ ಅಂತ ನೀರನ್ನೇ ಬಿಟ್ಟಿದ್ದರು ಪಾಪ. ಅವರಿಗೆ ಪಾತ್ರೆ ಹಿಡಿದೆ. ಮಾವ ಹೇಳಿದ ಮಾತು ಅಕ್ಷರಶಃ ನಿಜವಾಗಿತ್ತು, ಮಂದಿ ಉಚ್ಚೆ ಬಾಚೋ ಕೆಲಸವೇ ಇದು. ಆದರೆ ಅವತ್ತು ಅದು ಬೈಗುಳದ ಹಾಗೆ ಕೇಳಿಸಲಿಲ್ಲ.

ಕಥೆಯಾಗಿದ್ದರೆ ಆ ಮಾವ ಮುಂದೊಂದು ದಿನ ನನ್ನ ವಾರ್ಡಿಗೇ ಬಂದು ಮಲಗಿ, ನನ್ನ ಕೈ ಹಿಡಿದುಕೊಂಡು ಕಣ್ಣೀರು ಹಾಕಬೇಕಿತ್ತು ಅಲ್ವಾ? ಹಾಗೇನೂ ಆಗಲಿಲ್ಲ. ಎಪ್ಪತ್ತು ದಾಟಿದೆ, ಗಟ್ಟಿಮುಟ್ಟಾಗಿದ್ದಾರೆ, ಬಿಪಿ ಕೂಡ ಇಲ್ಲ. ಹಬ್ಬಕ್ಕೆ ಹೋದರೆ ಈಗಲೂ “ಏನಪ್ಪಾ ಸಿಸ್ಟರು, ಯಾವಾಗ ಬಂದೆ?” ಅಂತಾರೆ. ಅನ್ನಲಿ ಬಿಡಿ. ಆಡುವವರ ಬಾಯಿ ಮುಚ್ಚಿಸಿ ಆಮೇಲೆ ನಮ್ಮ ದಾರಿ ಹಿಡಿಯೋಣ ಅಂತ ಕೂತರೆ ಕೂತೇ ಇರಬೇಕಾಗುತ್ತದೆ.

ನಿಮ್ಮ ಪುಟದಲ್ಲಿ ಈಗಿನ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಬಗ್ಗೆಯೂ ಇತ್ತು, ದೀಪದ ಬಗ್ಗೆ ಜಾಸ್ತಿ, ಆಕೆಯ ಮನೆಯ ರಂಪದ ಬಗ್ಗೆ ಒಂದು ಸಾಲೂ ಇಲ್ಲ. ಆಕೆ ಹುಟ್ಟಿದ್ದು 1820ರಲ್ಲಿ, ಇಂಗ್ಲೆಂಡಿನ ಸಾಹುಕಾರರ ಮನೆತನದಲ್ಲಿ. ಆಗಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಹೆಂಗಸರೆಂದರೆ ಕುಡುಕಿಯರು, ನಡತೆ ಸರಿಯಿಲ್ಲದವರು ಅಂತ ಜನರ ಲೆಕ್ಕ. ಮಗಳು ಆ ಕೆಲಸಕ್ಕೆ ಹೋಗ್ತೀನಿ ಅಂದಾಗ ತಾಯಿ, ಅಕ್ಕ ಇಬ್ಬರೂ ವರ್ಷಗಟ್ಟಲೆ ಬಿಡಲಿಲ್ಲ. ಒಳ್ಳೆಯ ಸಂಬಂಧ ಬಂದಿತ್ತು, ಅದನ್ನೂ ಬೇಡ ಅಂದಳು. 1851ರಲ್ಲಿ, ಮೂವತ್ತು ದಾಟಿದ ಮೇಲೆ, ಜರ್ಮನಿಯ ಕೈಸರ್ಸ್‌ವರ್ತ್‌ಗೆ ಹೋಗಿ ಕೆಲವು ತಿಂಗಳು ಕೆಲಸ ಕಲಿತಳು. ಕ್ರಿಮಿಯಾ ಯುದ್ಧ, ರಾತ್ರಿ ದೀಪ ಹಿಡಿದು ಗಾಯಾಳು ಸೈನಿಕರನ್ನು ನೋಡಿಕೊಂಡಿದ್ದು, ಹೆಸರು, ಎಲ್ಲ ಅದಾದ ಮೇಲೆ.

ಆದರೆ ನನಗೆ ಆಕೆಯ ಮೇಲೆ ಒಂದು ಸಣ್ಣ ಮುನಿಸು ಇದೆ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆ ಶುರು ಮಾಡಿದ ನರ್ಸಿಂಗ್ ಶಾಲೆಗೆ ಗಂಡಸರನ್ನು ಸೇರಿಸಿಕೊಳ್ಳಲಿಲ್ಲ. ಇದು ಹೆಂಗಸರಿಗೆ ಮಾತ್ರ ಒಗ್ಗುವ ಕೆಲಸ ಅಂತ ಆಕೆಯ ನಂಬಿಕೆ. ಆ ನಂಬಿಕೆ ಎಷ್ಟು ಗಟ್ಟಿಯಾಗಿ ಕೂತಿತ್ತು ಅಂದರೆ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಅನ್ನುವ ಅಲ್ಲಿನ ನರ್ಸ್‌ಗಳ ಸಂಘ ಗಂಡು ನರ್ಸ್‌ಗಳಿಗೆ ಸದಸ್ಯತ್ವ ಕೊಟ್ಟಿದ್ದು 1960ರಲ್ಲಿ, ನೂರು ವರ್ಷ ಆದ ಮೇಲೆ. ಜನರ ಮಾತಿಗೆ ಸೊಪ್ಪು ಹಾಕದೆ ಮನೆ ಬಿಟ್ಟು ಹೊರಟವಳು, ಬೇರೆಯವರ ವಿಷಯ ಬಂದಾಗ ತಾನೇ ಆ ನಾಲ್ಕು ಜನರಲ್ಲಿ ಒಬ್ಬಳಾಗಿಬಿಟ್ಟಳು.

ನಾನೇನು ಕಡಿಮೆಯಿಲ್ಲ. ಹೋದ ವರ್ಷ ಮಗಳು ಕಬಡ್ಡಿ ಟೀಮಿಗೆ ಸೇರ್ತೀನಿ ಅಂದಳು. “ಮೈಕೈ ಮುರ್ಕೋತೀಯ, ಚಡ್ಡಿ ಹಾಕ್ಕೊಂಡು ಆಡಬೇಕು, ನೋಡಿದವರು ಏನಂತಾರೆ?” ಅಂದುಬಿಟ್ಟೆ. ಹೆಂಡತಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಅವಳು ನೋಡಿದ್ದು ಯಾಕೆ ಅಂತ ಹೇಳಬೇಕಾಗಿಲ್ಲ. ನನ್ನ ಜಾತಕ ಹಿಡಿದು ನಮ್ಮವರು ಏಳು ಮನೆ ತಿರುಗಿದ್ದರು. ಎಲ್ಲ ಕಡೆ ಮಾತುಕತೆ ಚೆನ್ನಾಗಿ ನಡೆದು ಕೊನೆಗೆ “ಹುಡುಗ ನರ್ಸಂತೆ” ಅನ್ನುವಲ್ಲಿ ನಿಲ್ಲುತ್ತಿತ್ತು. ಎಂಟನೇ ಮನೆಯಲ್ಲಿ ಇವಳು ಕೇಳಿದ್ದು ಒಂದೇ ಪ್ರಶ್ನೆ, “ತಿಂಗಳಿಗೆ ನೈಟ್ ಡ್ಯೂಟಿ ಎಷ್ಟು?” ಮಗಳು ಈಗ ಕಬಡ್ಡಿ ಆಡುತ್ತಿದ್ದಾಳೆ. ಮಂಡಿ ಗಾಯಕ್ಕೆ ಡ್ರೆಸ್ಸಿಂಗ್ ನನ್ನದೇ.

ಕೊರೊನಾ ಕಾಲದ್ದೊಂದು ಹೇಳಬೇಕು. 2020ನೇ ವರ್ಷವನ್ನು ವಿಶ್ವ ಆರೋಗ್ಯ ಸಂಸ್ಥೆ ನರ್ಸ್ ಮತ್ತು ಸೂಲಗಿತ್ತಿಯರ ವರ್ಷ ಅಂತ ಮೊದಲೇ ಘೋಷಿಸಿತ್ತು, ನೈಟಿಂಗೇಲ್ ಹುಟ್ಟಿ ಇನ್ನೂರು ವರ್ಷ ಅಂತ. ಎಂಥ ವರ್ಷ ಆರಿಸಿಕೊಂಡರು ನೋಡಿ. ಮಾರ್ಚ್ 22ರ ಸಂಜೆ ಐದಕ್ಕೆ ಇಡೀ ದೇಶ ಚಪ್ಪಾಳೆ ತಟ್ಟಿತಲ್ಲ, ನಮ್ಮ ಬೀದಿಯಲ್ಲೂ ತಟ್ಟಿದರು. ನಮ್ಮ ಮನೆ ಓನರ್ ತಟ್ಟೆ ಬಡಿದರು, ಸ್ಟೀಲ್ ತಟ್ಟೆ. ಮೂರು ವಾರ ಕಳೆದಿರಲಿಲ್ಲ, ಅದೇ ಓನರ್ ಗೇಟಿನಾಚೆ ನಿಂತು, “ತಪ್ಪು ತಿಳ್ಕೋಬೇಡಿ ಬ್ರದರ್, ಮನೇಲಿ ವಯಸ್ಸಾದವರಿದಾರೆ, ಬೇರೆ ಕಡೆ ನೋಡ್ಕೊಳ್ಳಿ” ಅಂದರು. ಪಿಪಿಇ ಕಿಟ್ ಒಳಗೆ ಆರು ಗಂಟೆ ಬೆವರಿ, ನೀರೂ ಕುಡಿಯದೆ ಬಂದವನಿಗೆ ಆ ಮಾತು. ಅವರ ಮೇಲೆ ಈಗ ಕೋಪ ಇಲ್ಲ, ಹೆದರಿಕೆ ಎಲ್ಲರಿಗೂ ಇತ್ತು. ಅವತ್ತು ನನಗೆ ಹೊಳೆದಿದ್ದು ಬೇರೆ. ಜನರ ನಗುವನ್ನು ತಲೆಗೆ ಹಚ್ಚಿಕೊಳ್ಳಬಾರದು ಅಂತ ನಾನು ಎಷ್ಟೋ ವರ್ಷ ಕಷ್ಟಪಟ್ಟು ಕಲಿತಿದ್ದೆ, ಆದರೆ ಚಪ್ಪಾಳೆ ಕೇಳಿದ ಕೂಡಲೇ ಉಬ್ಬಿಹೋಗಿದ್ದೆ, ಊರಿಗೆ ಫೋನ್ ಮಾಡಿ ಅವ್ವನಿಗೂ ಕೇಳಿಸಿದ್ದೆ. ಚಪ್ಪಾಳೆಯೂ ಜನರ ಮಾತೇ. ಅದೂ ಮೂರು ವಾರದ್ದೇ.

ಮತ್ತೆ ಆ ನಾಲ್ಕು ಜನ ಯಾರು ಅಂತ ನಾನೂ ಬಹಳ ಹುಡುಕಿದ್ದೇನೆ. ಸಂಜೆ ನಾಲ್ಕರಿಂದ ಆರರ ಭೇಟಿ ಹೊತ್ತಿನಲ್ಲಿ ಮಂಚದ ಸುತ್ತ ಹತ್ತು ಜನ ಇರುತ್ತಾರೆ, ಎಳನೀರು, ಸೇಬು, ಸಲಹೆ ಎಲ್ಲ ಬರುತ್ತದೆ. ರಾತ್ರಿ ಎರಡು ಗಂಟೆಗೆ ಬಂದು ನೋಡಿ. ಮಂಚದ ಕೆಳಗೆ ಚಾಪೆ ಹಾಸಿಕೊಂಡು ಒಬ್ಬರು ಮಲಗಿರುತ್ತಾರೆ, ಹೆಂಡತಿಯೋ ತಮ್ಮನೋ. ಅಷ್ಟೇ. ಆ ಒಬ್ಬರ ಮಾತಿಗೆ ಬೆಲೆ ಕೊಡಬೇಕು, ನಾನು ಕೊಡುತ್ತೇನೆ.

ಇಷ್ಟೆಲ್ಲ ಹೇಳಿ, ಆ ಹುಡುಗನಿಗೆ ಏನು ಹೇಳಿದೆ ಅಂತ ಹೇಳಲೇ ಇಲ್ಲ. ಭಾನುವಾರ ಅವನೇ ಬಸ್ಸು ಹತ್ತಿ ಬಂದ. ಹೊಗಳಿ ಹತ್ತಿಸಲಿಲ್ಲ. ಖಾಸಗಿ ಕಡೆ ಮೊದಮೊದಲು ಸಂಬಳ ಕಡಿಮೆ, ನಿನ್ನ ಜೊತೆ ಓದಿದವರು ಬೈಕ್ ತಗೊಂಡಾಗ ನೀನು ಬಸ್ ಪಾಸ್‌ನಲ್ಲೇ ಇರ್ತೀಯ ಅಂದೆ. ನಿಂತು ನಿಂತು ಕಾಲಿನ ನರ ಉಬ್ಬುತ್ತದೆ ಅಂತ ನನ್ನ ಕಾಲು ತೋರಿಸಿದೆ. ಜಗತ್ತಿನ ನರ್ಸ್‌ಗಳಲ್ಲಿ ಸುಮಾರು ಶೇ 85 ಹೆಂಗಸರು, ದೆಹಲಿಯ ಏಮ್ಸ್‌ನಂಥ ಕಡೆ ನರ್ಸಿಂಗ್ ಹುದ್ದೆಗಳಲ್ಲಿ ಶೇ 80 ಹೆಂಗಸರಿಗೆ ಅಂತ 2019ರಲ್ಲಿ ತೀರ್ಮಾನ ಮಾಡಿದ್ದರು, ನಿನಗೆ ಬಾಗಿಲು ಕಿರಿದು ಅಂತಲೂ ಹೇಳಿದೆ. ಜನರಲ್ ನರ್ಸಿಂಗ್ ಮೂರು ವರ್ಷ, ಬಿಎಸ್ಸಿ ಆದರೆ ನಾಲ್ಕು, ನೀನು ಸೈನ್ಸ್ ಓದಿದವನು, ಆಗುವುದಾದರೆ ಬಿಎಸ್ಸಿಯೇ ಮಾಡು ಅಂದೆ. ಸೇರುವ ಮುಂಚೆ ಆ ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ, ಕಲಿಯೋಕೆ ನಿಜವಾದ ಆಸ್ಪತ್ರೆ ಇದೆಯಾ ನೋಡಿಕೋ, ಬರೀ ಬೋರ್ಡು ನೋಡಿ ದುಡ್ಡು ಕಟ್ಟಬೇಡ ಅಂತ ಎರಡೆರಡು ಸಲ ಹೇಳಿದೆ. ನಿಮ್ಮ ಪುಟವನ್ನೂ ತೋರಿಸಿದೆ, ನೋಡು, ಇದರಲ್ಲಿ ನಮ್ಮವರು ಒಬ್ಬರೂ ಇಲ್ಲ ಅಂತ. ಮುಂದಿನ ಮೇ ತಿಂಗಳಿಗೆ ಯಾವುದಾದರೂ ಜಿಲ್ಲಾಸ್ಪತ್ರೆಗೆ ಫೋಟೊಗ್ರಾಫರನ್ನು ರಾತ್ರಿ ಪಾಳಿಯಲ್ಲಿ ಕಳಿಸಿ ನೋಡಿ ಸಂಪಾದಕರೇ, ಸಿಗುತ್ತಾರೆ.

ಹುಡುಗ ಎಲ್ಲ ಕೇಳಿಸಿಕೊಂಡ. ಅಪ್ಪನ ವಿಷಯ, ಊರಿನ ವಿಷಯ ಏನೂ ಎತ್ತಲಿಲ್ಲ. ಕೊನೆಗೆ, “ಚಿಕ್ಕಪ್ಪ, ರಕ್ತ ನೋಡಿದ್ರೆ ನಂಗೆ ಸ್ವಲ್ಪ ತಲೆ ಸುತ್ತುತ್ತೆ” ಅಂದ.

ನಾನು ಮೊದಲ ದಿನ ಆಪರೇಷನ್ ಥಿಯೇಟರಿನಲ್ಲಿ ಬಿದ್ದೇಬಿಟ್ಟಿದ್ದೆ, ಸಿಸ್ಟರ್ ಒಬ್ಬರು ಎಳೆದು ಹೊರಗೆ ಕೂರಿಸಿ ಮುಖಕ್ಕೆ ನೀರು ಹಾಕಿದರು ಅಂದೆ.

“ಹಂಗಾದ್ರೆ ಸರಿ” ಅಂದ. ಇನ್ನೊಂದು ದೋಸೆ ಹಾಕಿಸಿಕೊಂಡ.

ಇಂತಿ,
ಒಬ್ಬ ಬ್ರದರ್, ದಾವಣಗೆರೆ ಜಿಲ್ಲೆ