ಸ್ನಾನಗೃಹದ ಟೈಲ್ಸ್ ಕೆಲಸದ ಅಂದಾಜುಪಟ್ಟಿಯಲ್ಲಿ ಬದಲಾವಣೆ

ಮಾನ್ಯ ಗ್ರಾಹಕರೇ,

ಸ್ನಾನಗೃಹದ ಗೋಡೆಗೆ ಟೈಲ್ಸ್ ಹಾಕುವ ಕೆಲಸಕ್ಕೆ ಚದರಡಿ ದರವನ್ನು ದೂರವಾಣಿಯಲ್ಲೇ ಹೇಳುವ ಪದ್ಧತಿಯನ್ನು ಬರುವ ತಿಂಗಳ ಒಂದನೇ ತಾರೀಖಿನಿಂದ ನಿಲ್ಲಿಸುತ್ತಿದ್ದೇವೆ. ಇನ್ನು ಮುಂದೆ ನಮ್ಮ ಮೇಸ್ತ್ರಿ ಬಂದು ಗೋಡೆಗಳನ್ನು ಅಳೆದ ಬಳಿಕವೇ ಅಂದಾಜುಪಟ್ಟಿ ಕೊಡಲಾಗುವುದು. ಗೋಡೆ ಸರಿಪಡಿಸುವ ಗಾರೆ ಕೆಲಸದ ಖರ್ಚನ್ನು ಅದರಲ್ಲಿ ಪ್ರತ್ಯೇಕವಾಗಿ ತೋರಿಸಲಾಗುವುದು. ಅಳತೆಗೆ ಶುಲ್ಕವಿಲ್ಲ.

ಕಾರಣ ಇಷ್ಟೆ: ಗೋಡೆಯ ವಾರೆಯನ್ನು ನೋಡದೆ ಖರ್ಚು ಹೇಳಲಾಗದು. 8 ಇಂಚಿಗೆ 12 ಇಂಚಿನ ಟೈಲ್ಸನ್ನು ದಪ್ಪ ಗಾರೆಯ ಮೇಲೆ ಕೂರಿಸುತ್ತಿದ್ದ ಕಾಲದಲ್ಲಿ, ಗೋಡೆ ಎಷ್ಟು ವಾರೆಯಿದ್ದರೂ ಒಂದೊಂದು ಟೈಲಿನ ಹಿಂದೆ ಗಾರೆಯನ್ನು ಹೆಚ್ಚುಕಡಿಮೆ ಮಾಡಿ ಅದನ್ನು ಅಡಗಿಸಬಹುದಿತ್ತು. ಈಗ ನಿಮ್ಮಲ್ಲಿ ಹಲವರು ಆರಿಸುವುದು 2 ಅಡಿಗೆ 4 ಅಡಿಯ ವಿಟ್ರಿಫೈಡ್ ಟೈಲ್ಸ್. ಅವು ನೀರನ್ನು ಹೀರುವುದೇ ಅತ್ಯಲ್ಪವಾದ್ದರಿಂದ ಸಿಮೆಂಟ್ ಹಾಲಿಗೆ (ನೀರಿನಲ್ಲಿ ತೆಳುವಾಗಿ ಕಲಸಿದ ಸಿಮೆಂಟಿಗೆ) ಸರಿಯಾಗಿ ಕಚ್ಚುವುದಿಲ್ಲ. ಟೈಲ್ಸ್ ಅಂಟೇ ಬೇಕು, ಅದರ ಪದರವೋ ಕೆಲವೇ ಮಿಲಿಮೀಟರ್. ಒಂದಿಂಚಿನ ವಾರೆಯನ್ನು ಅಂಟಿನಲ್ಲೇ ತುಂಬಲು ಹೊರಟರೆ ಅದು ಒಣಗುವಾಗ ಕುಗ್ಗಿ, ಟೈಲು ತಟ್ಟಿದಲ್ಲಿ ಟೊಳ್ಳು ಸದ್ದು ಕೇಳುತ್ತದೆ.

ಅಳತೆಗೆ ಬಂದಾಗ ತೂಗುಗುಂಡು ಇಳಿಬಿಟ್ಟು ಗೋಡೆ ನೇರ ನಿಂತಿದೆಯೇ ಎಂದು ನೋಡುತ್ತೇವೆ; ಮೂಲೆಯಿಂದ ಒಂದು ಗೋಡೆಯುದ್ದಕ್ಕೆ 3 ಅಡಿ, ಇನ್ನೊಂದರುದ್ದಕ್ಕೆ 4 ಅಡಿ ಗುರುತಿಸಿ, ಆ ಗುರುತುಗಳ ನಡುವೆ ಸರಿಯಾಗಿ 5 ಅಡಿ ಬರುವುದೇ ಎಂದು ಪರೀಕ್ಷಿಸುತ್ತೇವೆ; ಬಂದರೆ ಮೂಲೆ ಸರಿಯಾದ ಲಂಬಕೋನದಲ್ಲಿದೆ ಎಂದರ್ಥ. ಕರಾವಳಿಯ ಹಳೆಯ ಮುರಕಲ್ಲಿನ ಮನೆಗಳಲ್ಲಿ ಅದು ಸರಿಯಾಗಿ ಬಂದರೆ ನಮಗೇ ಆಶ್ಚರ್ಯ. ವ್ಯತ್ಯಾಸ ಅಲ್ಪವಿದ್ದರೆ ಗಾರೆಯ ಖರ್ಚು ಮಾಡಿಸುವುದು ನಮಗೆ ಒಪ್ಪಿಗೆಯಿಲ್ಲ; ಮೂಲೆಯಿಂದ ಆರಂಭಿಸದೆ ಗೋಡೆಯ ನಡುವೆ ಎಳೆದ ನೇರ ಗೆರೆಯಿಂದ ಟೈಲ್ಸ್ ಕೂರಿಸುತ್ತ ಹೋಗಿ, ಓರೆಯಾಗಿ ಕತ್ತರಿಸಿದ ತುಂಡುಗಳನ್ನು ಬಾಗಿಲ ಹಿಂದಿನ ಮೂಲೆಗೆ ಬರುವಂತೆ ಮಾಡಿದರೆ ಅದು ಕಣ್ಣಿಗೆ ಬೀಳದು. ವ್ಯತ್ಯಾಸ ಹೆಚ್ಚಿದ್ದರೆ ಮಾತ್ರ ಗಾರೆಯಾಗಬೇಕು. ದಪ್ಪ ಗಾರೆಯನ್ನು ಎರಡು ಸಲವಾಗಿ ಬಳಿದು, ಕನಿಷ್ಠ ಒಂದು ವಾರ ನೀರುಣಿಸಿ (ಕ್ಯೂರಿಂಗ್ ಮಾಡಿ), ಒಣಗಲು ಬಿಡಬೇಕಾಗುವುದರಿಂದ ಕೆಲಸದ ಅವಧಿಯೂ ಬೆಳೆಯುತ್ತದೆ. ಮಳೆಗಾಲದಲ್ಲಿ ಇನ್ನೂ ತಡ.

ಗಾರೆ ಬಳಿದಷ್ಟೂ ಕೋಣೆ ಕಿರಿದಾಗುತ್ತದೆಂಬುದನ್ನೂ ಗಮನಿಸಬೇಕು. ನಾಲ್ಕಡಿ ಅಗಲದ ಸ್ನಾನಗೃಹದಲ್ಲಿ ಒಂದಿಂಚೂ ಲೆಕ್ಕಕ್ಕೆ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ನೀರನ್ನು ಶವರಿಗೋ ನಲ್ಲಿಗೋ ತಿರುಗಿಸಲು ಗೋಡೆಯೊಳಗೆ ಹುದುಗುವ ಡೈವರ್ಟರನ್ನು ಪ್ಲಂಬರ್ ಹಳೆಯ ಗೋಡೆಯ ಮಟ್ಟಕ್ಕೆ ಕೂರಿಸಿಬಿಟ್ಟರೆ, ಗಾರೆ ಮತ್ತು ಟೈಲ್ಸ್ ಬಂದ ಮೇಲೆ ಅದು ಆಳಕ್ಕೆ ಹೋಗಿ ಹಿಡಿಕೆ ಹೊರಗೆ ನಿಲ್ಲುವುದಿಲ್ಲ. ಆದ್ದರಿಂದ ಪ್ಲಂಬಿಂಗ್ ಆರಂಭಿಸುವ ಮೊದಲೇ ನಮ್ಮನ್ನು ಅಳತೆಗೆ ಕರೆಯಬೇಕೆಂದು ಕೋರುತ್ತೇವೆ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ದರವೇ ಅನ್ವಯಿಸುತ್ತದೆ.

ಇಂತಿ,
ಕಾರ್ಯದರ್ಶಿ
ಟೈಲ್ಸ್ ಕೆಲಸಗಾರರ ಸಹಕಾರಿಯ ಪರವಾಗಿ