ಕಾಫಿ ಗೋದಾಮಿನಲ್ಲಿ ಚಿತ್ರ ತೂಗುಹಾಕೋಣ

ಮಾನ್ಯರೇ,

2023ರ ಜನವರಿಯಲ್ಲಿ ಮಗಳ ಜೊತೆ ಫೋರ್ಟ್ ಕೊಚ್ಚಿಗೆ ಹೋಗಿದ್ದೆ. ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಒಬ್ಬರಾದ ಮೇಲೊಬ್ಬರು ಆಳಿದ ಊರು. ಅಲ್ಲಿನ ಆಸ್ಪಿನ್‌ವಾಲ್ ಹೌಸ್ ಒಂದು ಕಾಲಕ್ಕೆ ಮೆಣಸು, ಶುಂಠಿ ವ್ಯಾಪಾರದ ಕಂಪನಿಯ ಕಟ್ಟಡ. 2012ರಲ್ಲಿ ಕೊಚ್ಚಿ-ಮುಜಿರಿಸ್ ಬಿನಾಲೆ ಎಂಬ ದೊಡ್ಡ ಕಲಾಪ್ರದರ್ಶನ ಶುರುವಾದಾಗ ಅದರ ಕೋಣೆಗಳಿಗೆ ಕಲಾಕೃತಿಗಳು ಬಂದವು. ನಾವು ಹೋದಾಗಲೂ ಬಿನಾಲೆ ನಡೆಯುತ್ತಿತ್ತು. ಹಳೇ ಗೋಡೆಗಳನ್ನು ಥಳಥಳ ಮಾಡಲು ಹೋಗಿಲ್ಲ, ಅದೇ ಚೆಂದ. ಒಂದು ಚಿತ್ರದ ಮುಂದೆ ಅರ್ಧ ಗಂಟೆ ನಿಂತೆ. ಯಾರೂ ಮುಂದೆ ಹೋಗಿ ಅನ್ನಲಿಲ್ಲ, ಬೈಯಲಿಲ್ಲ.

ಸಂಜೆ ಕಥಕ್ಕಳಿ. ಕಲಾವಿದರು ನಮ್ಮೆದುರೇ ಕೂತು ಬಣ್ಣ ಹಚ್ಚಿಕೊಂಡರು. ನಮ್ಮ ಯಕ್ಷಗಾನದ ಚೌಕಿ ನೆನಪಾಯಿತು.

ನಮ್ಮ ಚಿಕ್ಕಮಗಳೂರಲ್ಲೂ ಹಳೇ ಕಾಫಿ ಗೋದಾಮುಗಳಿವೆ ಅಲ್ವಾ? ಮೂವತ್ತು ವರ್ಷ ಚಿತ್ರಕಲೆ ಕಲಿಸಿದವನು ನಾನು. ನನ್ನ ವಿದ್ಯಾರ್ಥಿಗಳ ಎಷ್ಟೋ ಒಳ್ಳೆಯ ಚಿತ್ರಗಳು ಮಂಚದಡಿ ಸುರುಳಿಯಾಗಿ ಬಿದ್ದಿವೆ. ಗೆದ್ದಲು ಹಿಡಿಯುವ ಮುಂಚೆ ಜನ ಅವನ್ನು ನೋಡಬೇಕು. ಕೊಯ್ಲಿಗೆ ಮುಂಚೆ, ಅಕ್ಟೋಬರ್‌ನಲ್ಲಿ, ಯಾರಾದರೂ ಪ್ಲಾಂಟರ್ ಒಂದೇ ಒಂದು ಗೋದಾಮನ್ನು ಹತ್ತು ದಿನ ಬಿಟ್ಟುಕೊಡಲಿ. ಗುಡಿಸಿ, ಸುಣ್ಣ ಹೊಡೆಯುವ ಕೆಲಸ ನಮ್ಮದು.

– ನಿವೃತ್ತ ಚಿತ್ರಕಲಾ ಶಿಕ್ಷಕ, ಚಿಕ್ಕಮಗಳೂರು