ಬಜೆಟ್‌ನಲ್ಲಿ ರೋಡ್ ಬೈಕ್ ಅಪ್‌ಗ್ರೇಡ್: ಮೊದಲು ಯಾವುದು?

ಎಲ್ಲರಿಗೂ ನಮಸ್ಕಾರ. ನಂದಿ ಬೆಟ್ಟದ ರೈಡ್‌ಗೆ ಮುಂಚೆ ಸೈಕಲ್‌ಗೆ ಏನು ಹಾಕಿಸೋಣ ಅಂತ ಸುಮಾರು ಜನ ಕೇಳ್ತಿದ್ದೀರಿ. ಕಾರ್ಬನ್ ವೀಲ್ ಆಸೆ ಸದ್ಯಕ್ಕೆ ಬಿಡಿ, ದುಡ್ಡು ಮೊದಲು ಟೈರಿಗೆ ಹೋಗಲಿ. ಸೈಕಲ್ ಜೊತೆ ಬಂದ ಗಡಸು 25 ಎಂಎಂ ಟೈರ್ ತೆಗೆದು ಒಳ್ಳೆಯ 28 ಹಾಕಿ, ಗಾಳಿ ಸ್ವಲ್ಪ ಕಮ್ಮಿ ಇಡಿ. ನಮ್ಮ ರಸ್ತೆಗಳಲ್ಲಿ ಕೈ ಜೋಮು ಹಿಡಿಯೋದು ಕಮ್ಮಿಯಾಗುತ್ತೆ, ವೇಗಕ್ಕೂ ನಷ್ಟವಿಲ್ಲ. ಕೊಳ್ಳೋ ಮುಂಚೆ ಈಗಿನ ಟೈರಿಗೂ ಬ್ರೇಕ್, ಫೋರ್ಕ್, ಫ್ರೇಮಿಗೂ ನಡುವೆ 6 ಎಂಎಂ ಅಲೆನ್ ಕೀ ಸಲೀಸಾಗಿ ತೂರುತ್ತಾ ನೋಡಿ. ತೂರದಿದ್ದರೆ 25ರಲ್ಲೇ ಒಳ್ಳೆಯದು ತಗೊಳ್ಳಿ.

ಬ್ರೇಕ್ ಪ್ಯಾಡ್ ಸವೆದಿದ್ದರೆ ಟೈರಿನ ಜೊತೆಗೇ ಬದಲಿಸಿ. ಬೆಟ್ಟ ಇಳಿಯುವಾಗ ಅದರ ಮೇಲೇ ಎಲ್ಲ ಭಾರ.

ಏರಿನಲ್ಲಿ ಮಂಡಿ ನೋಯುವವರಿಗೆ 11-32 ಕ್ಯಾಸೆಟ್ (ಹಿಂದಿನ ಚಕ್ರದ ಗೇರ್ ಹಲ್ಲುಚಕ್ರಗಳ ಸೆಟ್, ಚಿಕ್ಕದಕ್ಕೆ 11, ದೊಡ್ಡದಕ್ಕೆ 32 ಹಲ್ಲು) ನಿಜಕ್ಕೂ ವರ. ಹಿಂದಿನ ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ದಾಟಿಸುವ ಭಾಗ) 32 ಹಲ್ಲು ತಡೆಯುತ್ತಾ ಅಂತ ಅಂಗಡಿಯಲ್ಲಿ ವಿಚಾರಿಸಿ, ಚೈನ್ ಉದ್ದವೂ ಸಾಕಾಗಬೇಕು. ಹಳೇ ಚೈನನ್ನು ಸ್ಕೇಲ್ ಇಟ್ಟು ಅಳೆಯಿರಿ: ಒಂದು ಪಿನ್ನಿನಿಂದ ಎಣಿಸಿದರೆ 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ ಬರಬೇಕು. 1/16 ಇಂಚು ಜಾಸ್ತಿಯಾಗಿದ್ದರೆ ಅದನ್ನು ಹೊಸ ಕ್ಯಾಸೆಟ್ ಮೇಲೆ ಓಡಿಸಲೇಬೇಡಿ, ಹಲ್ಲು ತಿಂದುಹಾಕುತ್ತೆ.

ಗೊಂದಲ ಇದ್ದವರು ಡಿರೇಲರ್, ಕ್ಯಾಸೆಟ್ ಫೋಟೋ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.